ಸರ್ಪಗಂಧದ ಬೇರು ಮತ್ತು ಪುರಾವೆಯ ಪ್ರಶ್ನೆ

ಭಾರತೀಯ ಗಿಡಮೂಲಿಕೆಗಳ ಗುಣವನ್ನು ಆಧುನಿಕ ವಿಜ್ಞಾನವು ಒಪ್ಪಿಕೊಂಡುದಕ್ಕೆ ನಿದರ್ಶನವಾಗಿ ಸರ್ಪಗಂಧವನ್ನು ಹೆಸರಿಸುವುದು ವಾಡಿಕೆ. ನಮ್ಮ ಪೂರ್ವಿಕರು ಸಹಸ್ರಾರು ವರ್ಷಗಳಿಂದ ರಕ್ತದೊತ್ತಡಕ್ಕೆ ಈ ಬೇರನ್ನು ಬಳಸುತ್ತಿದ್ದರು, ಪಾಶ್ಚಾತ್ಯರು ಅದನ್ನು ತಡವಾಗಿ ಅರಿತರು ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಈ ಮಾತಿನ ಅರ್ಧಭಾಗ ಮಾತ್ರ ನಿಲ್ಲುತ್ತದೆ.

ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಸಾಧನವನ್ನು ಇಟಲಿಯ ರಿವಾ-ರೊಚ್ಚಿ ರೂಪಿಸಿದ್ದು 1896ರಲ್ಲಿ. ಅಳತೆಯೇ ಇಲ್ಲದ ಕಾಲದಲ್ಲಿ ಅದರ ಏರಿಳಿತಕ್ಕೆ ಮದ್ದು ಇತ್ತೆನ್ನುವುದು ಇತಿಹಾಸವಾಗಲಾರದು. ಪರಂಪರೆಯು ಈ ಬೇರಿಗೆ ಹೇಳಿದ್ದ ಗುಣಗಳೇ ಬೇರೆ. ಒಂದು, ಹಾವಿನ ವಿಷವನ್ನು ಇಳಿಸುವುದು. ಹಾವಿನೊಡನೆ ಕಾದುವ ಮುನ್ನ ಮುಂಗುಸಿಯು ಈ ಗಿಡವನ್ನು ಮೆಲ್ಲುತ್ತದೆಂಬ ಕಥೆ ಅದಕ್ಕೆ ಜೊತೆಯಾಗಿತ್ತು. ಇನ್ನೊಂದು, ಚಿತ್ತಭ್ರಮೆಯನ್ನು ಶಮನಗೊಳಿಸುವುದು. ಬಿಹಾರದಲ್ಲಿ ಇದಕ್ಕೆ ಹುಚ್ಚಿನ ಮದ್ದೆಂಬ ಹೆಸರೇ ಇತ್ತು. ಮೊದಲನೆಯದಕ್ಕೆ ಪುರಾವೆ ದೊರೆಯಲಿಲ್ಲ. ಎರಡನೆಯದು ಹುಸಿಯಾಗಿರಲಿಲ್ಲ.

1931ನೆಯ ವರ್ಷ ಈ ಚರಿತ್ರೆಯಲ್ಲಿ ನಿರ್ಣಾಯಕವಾದುದು. ಆ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಬೇರಿನ ಪುಡಿಯು ಉನ್ಮಾದವನ್ನಷ್ಟೇ ಅಲ್ಲದೆ ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ವರದಿ ಮಾಡಿದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನ ಸಂಶೋಧನಾಲಯದಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಅವರು ಬೇರಿನಿಂದ ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿನಲ್ಲಿ 'ಅಜ್ಮಲಿನ್' ಎಂದು ಹೆಸರಿಟ್ಟರು. ಆದರೆ ನಿದ್ರೆ ತರಿಸುವ, ಒತ್ತಡ ಇಳಿಸುವ ಮುಖ್ಯ ಸತ್ತ್ವ ಅವರ ಹರಳುಗಳಲ್ಲಿರಲಿಲ್ಲ. ರಾಳದಂಥ ಉಳಿಕೆಯಲ್ಲಿ ಅಡಗಿತ್ತು. ಅಜ್ಮಲಿನ್ ಮುಂದೆ ಹೃದಯದ ಲಯಕ್ಕೆ ಸಂಬಂಧಿಸಿದ ಔಷಧವಾಗಿ ಬೇರೆ ದಾರಿ ಹಿಡಿಯಿತು.

ಮಾರುಕಟ್ಟೆ ಕಾಯಲಿಲ್ಲ. 1934ರಲ್ಲೇ ಹಿಮಾಲಯ ಕಂಪನಿಯ 'ಸರ್ಪಿನಾ' ಮಾತ್ರೆ ಬಂದಿತು. ಈ ಕಂಪನಿ ಮುಂದೆ ಬೆಂಗಳೂರಿನಲ್ಲಿ ನೆಲೆಗೊಂಡಿತು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 50 ರೋಗಿಗಳ ಮೇಲಿನ ತಮ್ಮ ಅಧ್ಯಯನವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1949ರಲ್ಲಿ, ಅಂದರೆ ಹದಿನೈದು ವರ್ಷಗಳ ಬಳಿಕ. ಆ ಲೇಖನ ಹೊರಜಗತ್ತಿನ ಕಣ್ಣು ತೆರೆಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ಮ್ಯೂಲರ್, ಶ್ಲಿಟ್ಲರ್ ಮತ್ತು ಬೈನ್ ಅವರು ರೆಸರ್ಪಿನ್ ಅನ್ನು ಬೇರ್ಪಡಿಸಿದರು.

ಅನಂತರದ ಪುರಾವೆ ಗಟ್ಟಿಯಾದುದು. 1967ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪ್ರಯೋಗದಲ್ಲಿ, ತೀವ್ರ ರಕ್ತದೊತ್ತಡವಿದ್ದ 143 ಪುರುಷರ ಪೈಕಿ ಹುಸಿಮಾತ್ರೆ ಪಡೆದ 70 ಜನರಲ್ಲಿ 27 ಗಂಭೀರ ಅವಘಡಗಳಾದರೆ, ಔಷಧ ಪಡೆದ 73 ಜನರಲ್ಲಿ ಎರಡು ಮಾತ್ರ. ಅಲ್ಲಿ ರೆಸರ್ಪಿನ್ ಒಂಟಿಯಾಗಿರಲಿಲ್ಲ, ಮೂರು ಔಷಧಗಳಲ್ಲೊಂದಾಗಿತ್ತು ಎಂಬುದನ್ನು ನಮ್ಮ ಅಭಿಮಾನಿ ಲೇಖಕರು ಮರೆಯಬಾರದು. ರೆಸರ್ಪಿನ್ ಒಂದನ್ನೇ ಕುರಿತ 2009ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ನಾಲ್ಕು ಪ್ರಯೋಗ, 237 ಜನ. ಮೇಲಿನ ಒತ್ತಡ ಸುಮಾರು 8 ಮಿ.ಮೀ. ಇಳಿದಿತ್ತು. ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಖಿನ್ನತೆ ಮುಂತಾದ ದೂರುಗಳು 1950ರ ದಶಕದಿಂದಲೇ ದಾಖಲಾಗಿವೆ.

ಇಷ್ಟೆಲ್ಲವೂ ತೂಕವಿಟ್ಟ ಮಿಲಿಗ್ರಾಂ ಲೆಕ್ಕದ ಶುದ್ಧ ವಸ್ತುವಿನ ಪುರಾವೆ. ಬೇರಿನಲ್ಲಾದರೋ ಹತ್ತಾರು ಆಲ್ಕಲಾಯ್ಡ್‌ಗಳಿದ್ದು, ಅವುಗಳ ಪ್ರಮಾಣ ನೆಲ, ಋತು, ಗಿಡದ ವಯಸ್ಸಿಗನುಗುಣವಾಗಿ ವ್ಯತ್ಯಾಸಗೊಳ್ಳುತ್ತದೆ. ಆದುದರಿಂದ ರೆಸರ್ಪಿನ್ನಿನ ಸಾಕ್ಷ್ಯವನ್ನು ಪುಡಿಯ ಡಬ್ಬಿಗೆ ಅಂಟಿಸುವುದು ಸಾಧುವಲ್ಲ. ವಕೀಲರು ಪುಡಿಯನ್ನು ರೋಗಿಗಳ ಮೇಲೆ ಅಳೆದು ನೋಡಿದರು. ಇಂದಿನ ಡಬ್ಬಿಗಳ ಹಿಂದೆ ಅಂಥ ಅಳತೆ ಇದೆಯೇ ಎಂದು ಕೇಳುವವರು ವಿರಳ. 1964ರ ತಿದ್ದುಪಡಿಯ ಮೂಲಕ ಔಷಧ ಕಾಯಿದೆಯೊಳಗೆ ಬಂದ ಆಯುರ್ವೇದ ಅಧ್ಯಾಯವು ಶಾಸ್ತ್ರೀಯ ಯೋಗಗಳಿಗೆ ಆಧಾರವೆಂದು ಮನ್ನಿಸಿದ್ದು ಪ್ರಮಾಣಗ್ರಂಥಗಳನ್ನು.

ಇತ್ತ ಬೇರೇ ಔಷಧವಾದ್ದರಿಂದ ಅದನ್ನು ಅಗೆದರೆ ಗಿಡವೇ ಹೋಗುತ್ತದೆ. ಪಶ್ಚಿಮಘಟ್ಟವೂ ಸೇರಿದಂತೆ ಅದರ ನೆಲೆಗಳು ಬರಿದಾಗುತ್ತ ಬಂದವು. 1990ರಿಂದ ಸರ್ಪಗಂಧವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ.