ಬಾಜಿ ಘೋರ್ಪಡೆಯ ಮರಣ

ಕ್ರಿ. ಪೂ. 212 ರಲ್ಲಿ ರೋಮನರು ಸಿರಾಕ್ಯೂಸ್ ಪಟ್ಟಣವನ್ನು ಗೆದ್ದಾಗ ಗಣಿತಜ್ಞನಾದ ಆರ್ಕಿಮಿಡೀಸನು ಸೈನಿಕನ ಕತ್ತಿಗೆ ಬಲಿಯಾದನು. ಆದರೆ ಹೇಗೆ? ಸುಮಾರು ಮುನ್ನೂರು ವರ್ಷಗಳ ತರುವಾಯ ಬರೆದ ಪ್ಲೂಟಾರ್ಕನು ಮೂರು ಬಗೆಯಾಗಿ ಹೇಳುತ್ತಾನೆ. ರೇಖಾಕೃತಿಯಲ್ಲಿ ಮಗ್ನನಾಗಿದ್ದವನು, ಲೆಕ್ಕ ಮುಗಿಯುವವರೆಗೆ ಸೇನಾಪತಿಯ ಬಳಿಗೆ ಬರಲೊಲ್ಲೆನೆಂದುದಕ್ಕೆ ಕೊಂದರೆಂಬುದೊಂದು. ಕೊಲ್ಲಲೆಂದೇ ಬಂದವನನ್ನು ತುಸು ತಾಳೆಂದು ಬೇಡಿಕೊಂಡರೂ ಅವನು ಕೇಳಲಿಲ್ಲವೆಂಬುದು ಇನ್ನೊಂದು. ಉಪಕರಣಗಳ ಪೆಟ್ಟಿಗೆಯಲ್ಲಿ ಬಂಗಾರವಿದೆಯೆಂದು ಬಗೆದು ಕೊಂದರೆಂಬುದು ಮತ್ತೊಂದು. ಮೂರನ್ನೂ ಮುಚ್ಚಿಡದೆ ಬರೆದ ಆ ಗ್ರಂಥಕಾರನ ಪ್ರಾಮಾಣಿಕತೆಯು ನಮ್ಮ ಬಖರಕಾರರಿಗೂ ಇದ್ದಿದ್ದರೆ, ಮುಧೋಳದ ಬಾಜಿ ಘೋರ್ಪಡೆಯ ವಿಷಯದಲ್ಲಿ ನಮಗೆ ಇಷ್ಟು ತೊಡಕಾಗುತ್ತಿರಲಿಲ್ಲ.

ಬಾಜಿಯು ವಿಜಾಪುರದ ಆದಿಲಶಾಹಿಯ ಸರದಾರನು. 1648 ರಲ್ಲಿ, ಜಿಂಜಿಯ ಮುತ್ತಿಗೆಯ ಕಾಲಕ್ಕೆ, ಸೇನಾಪತಿಯಾದ ಮುಸ್ತಫಾಖಾನನ ಆಜ್ಞೆಯಂತೆ ಶಹಾಜಿಯನ್ನು ಸೆರೆಹಿಡಿದವರಲ್ಲಿ ಇವನು ಮುಖ್ಯನು. ಘೋರ್ಪಡೆ, ಭೋಸಲೆ ಮನೆತನಗಳು ಒಂದೇ ಮೂಲದವೆಂಬುದು ಮುಧೋಳದವರ ಹೇಳಿಕೆ; ಆದುದರಿಂದಲೇ ಈ ಸೆರೆಯು ಭೋಸಲೆಯವರಿಗೆ ಸ್ವಜನದ್ರೋಹವಾಗಿ ಕಂಡಿತು. ಬಾಜಿಯ ಕಡೆಯಿಂದ ನೋಡಿದರೆ ಅದು ಒಡೆಯನ ಅಪ್ಪಣೆ. ಮುಂದೆ ಶಿವಾಜಿಯ ಕೈಯಿಂದ ಬಾಜಿಗೆ ಮರಣವೊದಗಿತೆಂಬಲ್ಲಿ ಭಿನ್ನಮತವಿಲ್ಲ. ಎಂದು, ಎಲ್ಲಿ ಎಂಬಲ್ಲಿ ಮಾತು ಒಡೆಯುತ್ತದೆ.

ಗ್ರಾಂಟ್ ಡಫ್ ಸಾಹೇಬರು 1826 ರ ತಮ್ಮ ಮರಾಠರ ಇತಿಹಾಸದಲ್ಲಿ ಇದನ್ನು 1661 ಕ್ಕೆ ಇಟ್ಟಿದ್ದಾರೆ. ಬಾಜಿಯು ಮುಧೋಳಕ್ಕೆ ಬಂದಿರುವ ಸುದ್ದಿ ತಿಳಿದು ಶಿವಾಜಿಯು ಹಠಾತ್ತಾಗಿ ಮೇಲೆ ಬಿದ್ದು, ಬಂಧುಬಳಗದೊಡನೆ ಅವನನ್ನು ಕೊಂದು ಊರನ್ನು ಸುಲಿದನಂತೆ. ಇದನ್ನು ಕೇಳಿ ಸಂತುಷ್ಟನಾದ ಶಹಾಜಿಯು ಮಗನನ್ನು ಕಾಣಲು ಬಂದನಂತೆ. ಸಭಾಸದನ ಬಖರಿನಲ್ಲಾದರೋ ಬಾಜಿಯು ಸಾಯುವುದು ಖವಾಸಖಾನನ ಮೇಲಿನ ಕುಡಾಳದ ದಂಡಯಾತ್ರೆಯಲ್ಲಿ. ಆ ಯಾತ್ರೆ ನಡೆದುದು 1664 ರ ಕೊನೆಗೆ. ಜದುನಾಥ ಸರಕಾರರು ಒಪ್ಪಿದ ವರ್ಷವೂ ಇದೇ.

ಮನೆಯಲ್ಲಿ ಸಿಕ್ಕಿ ಸತ್ತವನೂ ರಣದಲ್ಲಿ ಬಿದ್ದವನೂ ಒಂದೇ ಅಲ್ಲ; ಘಟಪ್ರಭೆಯ ದಂಡೆಯ ನಮ್ಮ ಜನರಿಗೆ ಇದು ಬರಿಯ ತಿಥಿವಾರದ ವಾದವಲ್ಲ. ನಮಗೆ 1664 ಸರಿಯೆನಿಸುತ್ತದೆ. ಹಾಗಾದರೆ ತಂದೆಯ ಸಂತೋಷದ ಕಥೆ ನಿಲ್ಲುವುದಿಲ್ಲ: ಶಹಾಜಿಯು ಅದೇ ವರ್ಷದ ಜನವರಿಯಲ್ಲಿಯೇ ಚನ್ನಗಿರಿ ಸೀಮೆಯ ಹೊದಿಗೆರೆಯಲ್ಲಿ, ಬೇಟೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಿದ್ದನು. ಸತ್ತವನು ಸೇಡಿನ ಸುದ್ದಿ ಕೇಳಿ ಹಿಗ್ಗುವುದೆಂತು? ಪಿತೃಭಕ್ತಿಯ ಆಖ್ಯಾನಕ್ಕೆ ಒಪ್ಪಲೆಂದು ಯಾರೋ ಮರಣವನ್ನು ಹಿಂದಕ್ಕೆ ಸರಿಸಿರಬೇಕು. ಸ್ಥಳದ ಮಾತು ಇಷ್ಟು ಸುಲಭವಲ್ಲ. ಮುಧೋಳದ ಸುಲಿಗೆ, ದಂಡಿನ ಕಾಳಗ ಎರಡೂ ಒಂದೇ ಯಾತ್ರೆಯ ಭಾಗಗಳಾಗಿರಬಹುದು.

1677 ರಲ್ಲಿ ಶಿವಾಜಿಯು ಬಾಜಿಯ ಮಗನಾದ ಮಾಲೋಜಿಗೆ ಪತ್ರ ಬರೆದು, ಎರಡು ಮನೆತನಗಳ ಹಳೆಯ ವೈರವನ್ನು ನೆನೆದು, ಅದನ್ನು ಮರೆತು ತನ್ನ ಪಕ್ಷಕ್ಕೆ ಬರಬೇಕೆಂದು ಕೇಳಿಕೊಂಡನು.