ತಣಿಸುವ ಗೋಜಿಲ್ಲದ ಕಳ್ಳು

ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಇಂದು ಬಿಯರ್ ಸುಲಭವಾಗಿ ಸಿಗುತ್ತದೆ. ಆದರೆ ನಮ್ಮ ಹಿರಿಯರು ಇಳಿಸಿದ್ದು ಕಳ್ಳು. ಇಲ್ಲಿ ತೆಂಗು ಇತ್ತು, ಬಾರ್ಲಿ ಇರಲಿಲ್ಲ. ಜೊತೆಗೆ ಸೆಕೆಯೂ ಇತ್ತು.

ಬಿಯರ್‌ಗೆ ಮೊಳಕೆ ಬಾರ್ಲಿಯ ಸಿಹಿ ರಸವನ್ನು ಕುದಿಸಬೇಕು. ಬಿಸಿಯಿರುವಾಗಲೇ ಯೀಸ್ಟ್ ಹಾಕಿದರೆ ಅದು ಸಾಯುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಬೇಡದ ಸೂಕ್ಷ್ಮಜೀವಿಗಳು ಸೇರಿ ರಸ ಕೆಡುತ್ತದೆ. ಹಾಗಾಗಿ ಬೇಗನೆ 20 ಡಿಗ್ರಿ ಆಸುಪಾಸಿಗೆ ತಣಿಸಬೇಕು.

ಯುರೋಪಿನಲ್ಲಿ ಅಗಲವಾದ ತೊಟ್ಟಿಗಳಲ್ಲಿ ರಸ ಹರಡಿ ಚಳಿಗಾಳಿಗೆ ಬಿಡುತ್ತಿದ್ದರು. ಮುಂದೆ ತಣ್ಣೀರು ಹರಿಯುವ ತಾಮ್ರದ ಕೊಳವೆಗಳು ಬಂದವು. ಆದರೆ ನೀರು ತನಗಿಂತ ತಣ್ಣಗೆ ಯಾವುದನ್ನೂ ಮಾಡಲಾರದು. ನಮ್ಮ ಬಾವಿ ನೀರೇ 27 ಡಿಗ್ರಿ ಆಸುಪಾಸಿನದು. ಬ್ರಿಟಿಷರು ಕಸೌಲಿ, ನೀಲಗಿರಿಯಂಥ ತಂಪು ಬೆಟ್ಟಗಳಲ್ಲಿ ಬ್ರೂವರಿ ಕಟ್ಟಿದರು. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಶೈತ್ಯಯಂತ್ರ ರೂಪಿಸಿದ ಮೇಲೆ ಬೆಟ್ಟದ ಹಂಗು ತಪ್ಪತೊಡಗಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು.

ಕಳ್ಳಿಗೆ ಈ ರಗಳೆಯೇ ಇಲ್ಲ. ಕುದಿಸುವುದಿಲ್ಲ, ಆದ್ದರಿಂದ ತಣಿಸಬೇಕಿಲ್ಲ. ಮರದ ಮೇಲಿನ ಮಡಕೆಯಲ್ಲೇ ಹುದುಗು ಶುರುವಾಗುತ್ತದೆ. ಸೆಕೆ ಅದಕ್ಕೆ ನೆರವೇ. ಸಿಹಿಯಾಗಿಯೇ ಉಳಿಯಬೇಕಾದರೆ ಮಡಕೆಯೊಳಗೆ ಸುಣ್ಣ ಬಳಿಯುತ್ತಾರೆ. ಬೆಳಗಿನ ಕಳ್ಳನ್ನು ಅಂದೇ ಮುಗಿಸಬೇಕು, ಮರುದಿನಕ್ಕೆ ಹುಳಿ.

ರಾಜ್ಯದ ಬೇರೆಡೆ ಕಳ್ಳು ನಿಷೇಧವಾದಾಗಲೂ ಉಡುಪಿ, ದಕ್ಷಿಣ ಕನ್ನಡಕ್ಕೆ ವಿನಾಯಿತಿ ಸಿಕ್ಕಿತು. ಕಾನೂನು ಕಳ್ಳನ್ನು ಉಳಿಸಿತು. ಮರ ಹತ್ತುವ ಮೂರ್ತೆದಾರರ ಕಸುಬನ್ನು ಉಳಿಸಲು ಮಾತ್ರ ಕಾನೂನೊಂದೇ ಸಾಲದು, ಅದನ್ನು ಕಲಿಯುವ ಮಕ್ಕಳೂ ಬೇಕು.