ಬೆಳೆತಳಿ ದತ್ತಸಂಚಯಗಳು, ಪುಣೆ

ಬೆಳೆಗಳ ತಳಿಗಳು, ಅವುಗಳ ವಂಶವಾಹಿಗಳ ರಚನೆ, ಹೊಲದಲ್ಲಿ ಅವು ತೋರುವ ಗುಣಲಕ್ಷಣಗಳು ಇವುಗಳನ್ನು ಕುರಿತ ಸಂಶೋಧನೆಯ ಫಲವನ್ನು ಅಂತರಜಾಲದ ಮೂಲಕ ಎಲ್ಲ ಸಂಶೋಧಕರಿಗೂ ಲಭ್ಯವಾಗುವಂತೆ ಕ್ರಮಬದ್ಧವಾಗಿ ಕಾಪಾಡುವ ಭಂಡಾರಗಳು. ಪುಣೆಯಲ್ಲಿ ಈ ಸಂಶೋಧನೆ ದೀರ್ಘಕಾಲದಿಂದ ನಡೆದುಬಂದಿದ್ದರೂ ಅದರ ಫಲವು ಒಂದೆಡೆ ಕೂಡಿರದೆ ದೆಹಲಿ, ಫರೀದಾಬಾದ್ ಹಾಗೂ ವಿದೇಶಗಳ ಸಂಚಯಗಳಲ್ಲಿ ಹಂಚಿಹೋಗಿದೆ.

ಪೂರ್ವಚರಿತ್ರೆ: ಪುಣೆಯ ವಿಜ್ಞಾನ ಕಾಲೇಜಿನಲ್ಲಿ 1879ರಲ್ಲಿ ಆರಂಭವಾದ ಕೃಷಿ ತರಗತಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೆರಾಲ್ಡ್ ಮ್ಯಾನ್ ಅವರ ಪ್ರಾಂಶುಪಾಲತ್ವದಲ್ಲಿ ಸ್ವತಂತ್ರ ಕಾಲೇಜಾಗಿ ಬೆಳೆಯಿತು. ಮುಂಬಯಿ ಪ್ರಾಂತದ ಕೃಷಿ ಇಲಾಖೆಯ ಕೇಂದ್ರಸ್ಥಾನವೂ ಪುಣೆಯೇ ಆಗಿದ್ದುದರಿಂದ, 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಧಾರವಾಡ, ಬೆಳಗಾವಿ, ವಿಜಾಪುರ (ಇಂದಿನ ವಿಜಯಪುರ), ಉತ್ತರ ಕನ್ನಡ ಜಿಲ್ಲೆಗಳ ತಳಿಚರಿತ್ರೆಯ ಗಣ್ಯಭಾಗವನ್ನು ಆ ಇಲಾಖೆಯ ಮುದ್ರಿತ ವರದಿಗಳಲ್ಲಿಯೇ ಅರಸಬೇಕು. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ನಾಡಜೋಳವಾದ ಮಾಲದಂಡಿಯಿಂದ ಆಯ್ದ ಎಂ 35-1 ತಳಿಯು ವಿಜಯಪುರ, ಕಲಬುರಗಿಗಳ ಎರೆಭೂಮಿಯಲ್ಲಿ ಇಂದಿಗೂ ಹಿಂಗಾರಿಯ ಮುಖ್ಯ ಬಿಳಿಜೋಳವಾಗಿದೆ. ಆದರೆ ಒಂದೇ ಹೆಸರಿನಿಂದ ಬೇರೆ ಬೇರೆ ಕೇಂದ್ರಗಳಲ್ಲಿ ಹಲವು ದಶಕ ಬೆಳೆದುಬಂದ ಬೀಜವು ಏಕರೂಪವಾಗಿಯೇ ಉಳಿದಿರುವುದೆಂದು ಭಾವಿಸುವಂತಿಲ್ಲ. ಆದುದರಿಂದ ದತ್ತಸಂಚಯದಲ್ಲಿ ತಳಿಯ ಹೆಸರಿಗಿಂತ ಬೀಜದ ಮಾದರಿಗೆ ಕೊಟ್ಟ ಪ್ರವೇಶಸಂಖ್ಯೆಯೇ ಹೆಚ್ಚು ಪ್ರಮಾಣ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಬ್ಯೂರೋ ದೇಶೀಯ ಮಾದರಿಗಳಿಗೆ ಐ.ಸಿ. ಎಂದೂ ವಿದೇಶೀಯ ಮಾದರಿಗಳಿಗೆ ಇ.ಸಿ. ಎಂದೂ ಆರಂಭವಾಗುವ ಸಂಖ್ಯೆಗಳನ್ನು ಕೊಡುತ್ತದೆ.

ಕಡಲೆಯ ದತ್ತಾಂಶ: ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಸ್ಯ ಆಣ್ವಿಕ ಜೀವವಿಜ್ಞಾನಿಗಳು ರಾಹುರಿಯ ಕೃಷಿ ವಿಶ್ವವಿದ್ಯಾಲಯದೊಡನೆ ಸೇರಿ ರಚಿಸಿ 2007ರಲ್ಲಿ ಪ್ರಕಟಿಸಿದ ಕಡಲೆಯ ವಂಶವಾಹಿ ನಕ್ಷೆ ಈ ಕ್ಷೇತ್ರದ ಉತ್ತಮ ನಿದರ್ಶನ. ಒಂದು ತೊಟ್ಟಿಗೆ ಎರಡು ಕಾಯಿ ಬಿಡುವ, ಆದರೆ ಸೊರಗುರೋಗಕ್ಕೆ ಸುಲಭವಾಗಿ ತುತ್ತಾಗುವ ಜೆಜಿ 62ನ್ನು ರೋಗನಿರೋಧಕವಾದ ವಿಜಯ್ ತಳಿಯೊಡನೆಯೂ, ವಿಜಯ್ ತಳಿಯನ್ನು ಬರಸಹಿಷ್ಣುವಾದ ಐಸಿಸಿ 4958ರೊಡನೆಯೂ ಸಂಕರಿಸಿ, ಅವುಗಳ ಸಂತತಿಯನ್ನು ಹಲವು ಪೀಳಿಗೆಗಳವರೆಗೆ ಒಂದೊಂದೇ ಬೀಜದಿಂದ ಮುಂದುವರಿಸಿ ಸ್ಥಿರಗೊಳಿಸಿದ ಸಾಲುಗಳು ಆ ನಕ್ಷೆಗೆ ಆಧಾರ. ಇಂಥ ಸಂಶೋಧನೆಯಿಂದ ಎರಡು ಬಗೆಯ ಪಟ್ಟಿಗಳು ಹುಟ್ಟುತ್ತವೆ. ಮೊದಲನೆಯದರಲ್ಲಿ ಅಡ್ಡಸಾಲಿಗೊಂದು ಸಸ್ಯಸಂತತಿ, ಕಂಬಸಾಲಿಗೊಂದು ಡಿಎನ್‌ಎ ಮಾರ್ಕರ್; ಪ್ರತಿ ಮನೆಯಲ್ಲಿಯೂ ಆ ಗುರುತು ತಾಯಿಯಿಂದ ಬಂತೋ ತಂದೆಯಿಂದ ಬಂತೋ ಎಂಬ ಒಂದೇ ಅಕ್ಷರ. ಎರಡನೆಯದು ಹೊಲದ ಪುಸ್ತಕ: ಬಿತ್ತಿದ ದಿನ, ಅರ್ಧದಷ್ಟು ಗಿಡಗಳು ಹೂಬಿಡಲು ಹಿಡಿದ ದಿನಗಳು, ನೂರು ಕಾಳಿನ ತೂಕ, ರೋಗಪೂರಿತ ತಾಕಿನಲ್ಲಿ ಸೊರಗಿದ ಗಿಡಗಳ ಪ್ರಮಾಣ. ಮೊದಲನೆಯ ಪಟ್ಟಿ ಸಂಚಯಗಳಿಗೆ ಸುಲಭವಾಗಿ ಸೇರುತ್ತದೆ; ಎರಡನೆಯದು ಬಹುಮಟ್ಟಿಗೆ ಪ್ರಬಂಧದ ಸರಾಸರಿಗಳಲ್ಲಿ ಕರಗಿಹೋಗುತ್ತದೆ. ಆ ವರ್ಷ ನೀರು ಹಾಯಿಸಿತ್ತೋ ಬರಿಯ ಮಳೆಯಾಶ್ರಯವೋ ಎಂಬ ಒಂದು ಟಿಪ್ಪಣಿ ತಪ್ಪಿದರೂ ಕಾಳಿನ ತೂಕದ ಅಂಕಿಯು ಬೇರೊಬ್ಬ ಸಂಶೋಧಕನಿಗೆ ನಿರುಪಯುಕ್ತವಾಗುವುದು. ಕಳೆದ ಋತುವಿನ ಹೊಲವನ್ನಂತೂ ಯಾವ ಯಂತ್ರವೂ ಮರಳಿ ಅಳೆಯಲಾರದು. ಈ ಲೇಖಕನ ಎಣಿಕೆಯಲ್ಲಿ ಹೊಲದ ಪುಸ್ತಕವನ್ನು ಉಳಿಸುವುದೇ ಈ ಕ್ಷೇತ್ರದ ಅತ್ಯಂತ ತುರ್ತಿನ ಕಾರ್ಯ.

ಇತರ ಸಂಸ್ಥೆಗಳು: 1946ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ವಿಜ್ಞಾನವರ್ಧಿನಿಯ ಆಘಾರ್ಕರ್ ಸಂಶೋಧನ ಸಂಸ್ಥೆಯು ಇತರ ವಿಷಯಗಳ ಜೊತೆಗೆ ಗೋಧಿ, ಸೋಯಾಅವರೆಗಳ ತಳಿಗಳನ್ನೂ ಅಭ್ಯಸಿಸುತ್ತದೆ; ರಾಜಗುರುನಗರದ ನಿರ್ದೇಶನಾಲಯವು ಈರುಳ್ಳಿ, ಬೆಳ್ಳುಳ್ಳಿಗಳಿಗೂ, ಮಾಂಜರಿಯ ಕೇಂದ್ರವು ದ್ರಾಕ್ಷಿಗೂ ಮೀಸಲಾಗಿವೆ. ಪುಣೆ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಸ್ಥಾಪಿತವಾದ ಜೈವಿಕ ಮಾಹಿತಿ ಕೇಂದ್ರ ಮುಖ್ಯವಾಗಿ ವೈರಸ್‌ಗಳ ಮಾಹಿತಿಗೆ ಹೆಸರಾದುದು. ಗಣಕಶಕ್ತಿಯನ್ನು ಒದಗಿಸುವಲ್ಲಿ ಪ್ರಗತ ಗಣಕವಿದ್ಯೆಯ ಅಭಿವೃದ್ಧಿ ಕೇಂದ್ರವಾದ ಸಿ-ಡ್ಯಾಕ್ ಪ್ರಮುಖ. ಮಹಾರಾಷ್ಟ್ರ ಸರಕಾರ 2022ರಲ್ಲಿ ಐದು ವರ್ಷಗಳಿಗೆ ಸುಮಾರು 172 ಕೋಟಿ ರೂಪಾಯಿಗಳ ಜೀನ್ ಬ್ಯಾಂಕ್ ಯೋಜನೆಗೆ ಒಪ್ಪಿಗೆ ನೀಡಿತು. ಅದರ ವಿಷಯಗಳಲ್ಲಿ ನಾಡತಳಿಗಳೂ ಸೇರಿವೆ.

ಸದ್ಯದ ವ್ಯವಸ್ಥೆ: ಡಿಎನ್‌ಎ ಅನುಕ್ರಮಗಳು 1982ರಲ್ಲಿ ಆರಂಭವಾದ ಅಮೆರಿಕದ ಜೆನ್‌ಬ್ಯಾಂಕ್ ಮೊದಲಾದ ಅಂತರರಾಷ್ಟ್ರೀಯ ಸಂಚಯಗಳಿಗೆ ಸೇರುತ್ತ ಬಂದಿವೆ. 2022ರ ನವೆಂಬರಿನಲ್ಲಿ ಫರೀದಾಬಾದಿನಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರವು ಅನುಕ್ರಮಗಳ ಜೊತೆಗೆ ಬೆಳೆಗಳ ಗೋಚರಲಕ್ಷಣಗಳಿಗೂ ಪ್ರತ್ಯೇಕ ಸಂಚಯವೊಂದನ್ನು ತೆರೆದಿದೆ. ಈ ದತ್ತಾಂಶಕ್ಕೆ ಮೂಲವಾದ ಬೀಜದ ವಿನಿಮಯವನ್ನು 2002ರ ಜೀವವೈವಿಧ್ಯ ಅಧಿನಿಯಮವೂ, ರೈತರ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣಾ ಅಧಿನಿಯಮವೂ ನಿಯಂತ್ರಿಸುತ್ತವೆ; ಬೀಜವನ್ನು ಮುಟ್ಟದೆಯೇ ಅನುಕ್ರಮವನ್ನು ಬಳಸಿ ಪಡೆದ ಲಾಭವನ್ನು ಹಂಚಿಕೊಳ್ಳಲು ಬಹುಪಕ್ಷೀಯ ವ್ಯವಸ್ಥೆಯೊಂದನ್ನು ಸ್ಥಾಪಿಸಲು 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ರಾಷ್ಟ್ರಗಳು ಸಮ್ಮತಿಸಿದವು.